ಬಾಗಿಲು ಕಾದವರ ಮಾತು

ಮುಧೋಳ ತಾಲ್ಲೂಕಿನ ತಿಮ್ಮಾಪುರ ಹೊರಗಿನವರಿಗೆ ಗೊತ್ತಿರುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಒಂದು, ಕವಿ ರನ್ನನ ಹೆಸರು ಹೊತ್ತ ರನ್ನನಗರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ. ಇನ್ನೊಂದು, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ನಡೆಸುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ. ಮುಧೋಳ ನಾಯಿಯ ತಳಿ ಕಾಯುವುದು, ಮರಿ ಬೆಳೆಸಿ ಕೊಡುವುದು, ಸಾಕುವವರಿಗೆ ತಿಳಿವಳಿಕೆ ಹೇಳುವುದು ಆ ಕೇಂದ್ರದ ಕೆಲಸ. ಇಲ್ಲಿನ ಮರಿಗಳು 2016ರಲ್ಲಿ ಮೀರತ್‌ನ ಸೇನಾ ಶ್ವಾನ ತರಬೇತಿ ಕೇಂದ್ರಕ್ಕೆ ಹೋದ ಮೇಲೆ ತಳಿಯ ಹೆಸರು ಇನ್ನಷ್ಟು ದೂರ ಹರಡಿತು. ಸುತ್ತಲಿನ ಹಳ್ಳಿಗಳಲ್ಲಿ ಈ ನಾಯಿ ಸಾಕಿ ಮರಿ ಮಾರುವುದು ಎಷ್ಟೋ ಮನೆಗಳಿಗೆ ಕೈಗಾಸಿನ ದಾರಿ. ಮರಿ ಕೊಳ್ಳಲು ಬಂದವರು ಬೆಲೆಗಿಂತ ಮೊದಲು ಕೇಳುವುದು ಇದನ್ನೇ: "ಪಕ್ಕಾ ಮುಧೋಳ ಐತೇನ್ರಿ, ಇಲ್ಲಾ ಕ್ರಾಸೋ?"

ಮರಿಯನ್ನು ಎತ್ತಿ, ತಿರುಗಿಸಿ ನೋಡಿದರೆ ಉತ್ತರ ಸಿಗುವುದಿಲ್ಲ. ಬೆಳೆದ ಮುಧೋಳ ನಾಯಿಯನ್ನು ದೂರದಿಂದಲೇ ಗುರುತಿಸಬಹುದು. ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಒಳಗೆ ಸೇದಿಕೊಂಡ ಹೊಟ್ಟೆ, ನೀಳವಾದ ಕಾಲು, ಮೂಗಿಗಿಂತ ಕಣ್ಣನ್ನು ನಂಬಿ ಬೇಟೆ ಬೆನ್ನಟ್ಟುವ ಸ್ವಭಾವ. ತಿಂಗಳ ಮರಿಯಲ್ಲಿ ಇದಾವುದೂ ಇನ್ನೂ ಮೈದೋರಿರುವುದಿಲ್ಲ. ಬೆಳೆದ ಮೇಲೂ ಮೈಕಟ್ಟು ಸುಳ್ಳು ಹೇಳಬಲ್ಲದು. ಗ್ರೇಹೌಂಡ್ ರಕ್ತ ಬೆರೆತ ನಾಯಿ ನೋಡಲು ಮುಧೋಳದಂತೆಯೇ ಇದ್ದು, ಅದರ ಮರಿಗಳಲ್ಲಿ, ಮೊಮ್ಮರಿಗಳಲ್ಲಿ ಬೆರಕೆ ಹೊರಬೀಳಬಹುದು. ಉತ್ತರ ಇರುವುದು ಮರಿಯ ಮೈಮೇಲಲ್ಲ. ಅದರ ತಾಯಿ ಬೆದೆಗೆ ಬಂದಾಗ ಹಿತ್ತಲ ಬಾಗಿಲು ಕಾದವರು ಯಾರೋ ಅವರ ಬಳಿ. "ನಾನ ಕಟ್ಟಿ ಹಾಕಿದ್ದೆ. ಆ ಒಂದು ಗಂಡು ಬಿಟ್ರ ಬ್ಯಾರೆ ಯಾವುದೂ ಹತ್ತಿರ ಸುಳಿದಿಲ್ಲ" ಎಂದು ಅವರು ಹೇಳಬೇಕು, ಕೊಳ್ಳುವವರು ನಂಬಬೇಕು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ಸಾಫ್ಟ್‌ವೇರ್ ಕೆಲಸಕ್ಕೆಂದು ಬೆಂಗಳೂರು, ಪುಣೆ ಸೇರಿದ ಹುಡುಗ ಹುಡುಗಿಯರಿಗೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಅಲ್ಲಿ ಕೇಳುವುದು ಮನುಷ್ಯರಲ್ಲ, ಕಂಪೈಲರ್. ನಾವು ಬರೆದ ಪ್ರೋಗ್ರಾಂ ಓದಿ, ತಪ್ಪು ಹುಡುಕಿ, ಯಂತ್ರಕ್ಕೆ ಒಗ್ಗುವ ರೂಪಕ್ಕೆ ತರುವುದು ಅದರ ಕೆಲಸ. ಜಾವಾ ಭಾಷೆಯ ಕಂಪೈಲರ್ ಕೆಲವೊಮ್ಮೆ ಕೆಲಸವನ್ನೆಲ್ಲ ಮುಗಿಸಿ, ಹೋಗುವಾಗ ಒಂದು ಮಾತು ಹೇಳಿ ಹೋಗುತ್ತದೆ: ಈ ಕಡತದಲ್ಲಿ ಪರೀಕ್ಷೆಗೆ ಒಳಗಾಗದ, ಅಪಾಯ ತರಬಹುದಾದ ಕೆಲಸಗಳಿವೆ, ವಿವರ ಬೇಕಿದ್ದರೆ ಮತ್ತೊಮ್ಮೆ ಕೇಳು. ಪ್ರೋಗ್ರಾಂ ತಯಾರಾಗಿದೆ, ಓಡುತ್ತದೆ, ಉತ್ತರವನ್ನೂ ಕೊಡುತ್ತದೆ. ಆದ್ದರಿಂದ ಹೆಚ್ಚಿನವರು ಆ ಸಾಲಿನ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಇಡೀ ಜಾವಾದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿರುವುದು ಈ ಒಂದು ಸಾಲು.

ತಿಮ್ಮಾಪುರದಂಥ ಕೇಂದ್ರವೊಂದಕ್ಕೆ ನಾಯಿಗಳ ಲೆಕ್ಕ ಇಡುವ ಪ್ರೋಗ್ರಾಂ ಬರೆಯುತ್ತಿದ್ದೇವೆ ಎಂದುಕೊಳ್ಳೋಣ. ಅದರಲ್ಲಿ 'ನಾಯಿ' ಎಂಬುದೊಂದು ಟೈಪ್. ಅದರೊಳಗಿನ ವಿಶೇಷ ಬಗೆ 'ಮುಧೋಳ ನಾಯಿ'. ಕೈಗೆ ಬಂದ ಒಂದು ನಾಯಿಯನ್ನು ತೋರಿಸಿ, ಇದನ್ನು ಮುಧೋಳ ನಾಯಿಯೆಂದು ತಿಳಿ ಎಂದು ಹೇಳುವುದಕ್ಕೆ ಕಾಸ್ಟ್ ಎನ್ನುತ್ತಾರೆ. ಜಾವಾ ಇದನ್ನು ಕಣ್ಣುಮುಚ್ಚಿ ಒಪ್ಪುವುದಿಲ್ಲ. ಪ್ರೋಗ್ರಾಂ ಓಡುವಾಗ ಆ ವಸ್ತುವನ್ನೇ ವಿಚಾರಿಸುತ್ತದೆ, ಏಕೆಂದರೆ ಪ್ರತಿ ವಸ್ತುವೂ ತಾನು ಯಾವ ವರ್ಗದಲ್ಲಿ ಹುಟ್ಟಿದೆ ಎಂಬ ಗುರುತನ್ನು ಕೊನೆಯವರೆಗೂ ಹೊತ್ತಿರುತ್ತದೆ. ಗುರುತು ಹೊಂದದಿದ್ದರೆ ಅದೇ ಸಾಲಿನಲ್ಲಿ 'ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್' ಎಂದು ಕೂಗಿ ನಿಲ್ಲುತ್ತದೆ. ತಪ್ಪು ನಡೆದ ಜಾಗ, ಅದು ಸಿಕ್ಕಿಬಿದ್ದ ಜಾಗ ಎರಡೂ ಒಂದೇ. ಇಂಥ ಕಾಸ್ಟ್ ಕಂಡಾಗ ಕಂಪೈಲರ್ ಎಚ್ಚರಿಸುವುದಿಲ್ಲ. ಪರೀಕ್ಷೆ ನಡೆದೇ ನಡೆಯುತ್ತದೆಂದು ಅದಕ್ಕೆ ಗೊತ್ತು.

ಒಂದು ನಾಯಿಯ ಬದಲು ನಾಯಿಗಳ ಪಟ್ಟಿಯೇ ಬಂದರೆ ಕಥೆ ಬೇರೆ. ಜಾವಾದ ಜೆನೆರಿಕ್ ಸಂಗ್ರಹಗಳಲ್ಲಿ ಪಟ್ಟಿಗೂ ಒಂದು ಟೈಪ್ ಇದೆ: 'ಮುಧೋಳ ನಾಯಿಗಳ ಪಟ್ಟಿ'. ಕಂಪೈಲ್ ಆಗುವವರೆಗೆ ಆ ಮಾತನ್ನು ಕಂಪೈಲರ್ ಕಟ್ಟುನಿಟ್ಟಾಗಿ ಕಾಯುತ್ತದೆ. ಬೇರೆ ತಳಿಯನ್ನು ಸೇರಿಸಲು ಹೋದರೆ ಪ್ರೋಗ್ರಾಂ ಕಂಪೈಲ್ ಆಗಲಿಕ್ಕೇ ಬಿಡುವುದಿಲ್ಲ. ಕಂಪೈಲ್ ಮುಗಿದದ್ದೇ 'ಮುಧೋಳ ನಾಯಿಗಳ' ಎಂಬ ಭಾಗ ಅಳಿದುಹೋಗಿ, ಓಡುವ ಹೊತ್ತಿಗೆ 'ಪಟ್ಟಿ' ಮಾತ್ರ ಉಳಿಯುತ್ತದೆ. ಮುಧೋಳ ನಾಯಿಗಳ ಪಟ್ಟಿ, ರಾಜಪಾಳಯಂ ನಾಯಿಗಳ ಪಟ್ಟಿ, ಬರಿಯ ಅಂಕಿಗಳ ಪಟ್ಟಿ, ಎಲ್ಲವೂ ಓಡುವ ಯಂತ್ರದ ಕಣ್ಣಿಗೆ ಒಂದೇ. ಇದಕ್ಕೆ ಟೈಪ್ ಇರೇಷರ್ ಎಂದು ಹೆಸರು. ಹೀಗಿರುವಾಗ ಯಾವುದೋ ಹಳೆಯ ತಂತ್ರಾಂಶ ಕೊಟ್ಟ ಬರಿಯ ಪಟ್ಟಿಯನ್ನು ಹಿಡಿದು, ಇದು ಮುಧೋಳ ನಾಯಿಗಳ ಪಟ್ಟಿ ಎಂದು ಕಾಸ್ಟ್ ಮಾಡಿದರೆ ಯಂತ್ರಕ್ಕೆ ಅರ್ಧ ಪ್ರಶ್ನೆ ಮಾತ್ರ ಕೇಳಲು ಬರುತ್ತದೆ. ಇದು ಪಟ್ಟಿ ಹೌದೇ? ಹೌದು. ಯಾವುದರ ಪಟ್ಟಿ? ಅದನ್ನು ಕೇಳುವ ದಾರಿಯೇ ಅದಕ್ಕಿಲ್ಲ.

ಆಗ ಬರುವುದು 'ಅನ್‌ಚೆಕ್ಡ್ ಕಾಸ್ಟ್' ಎಂಬ ಎಚ್ಚರಿಕೆ. ಹೊಸಬರು ಇದನ್ನು ಬೈಗುಳವೆಂದು ತಿಳಿಯುತ್ತಾರೆ, ಹಳಬರು ಗೊಣಗಾಟವೆಂದು. ಕಂಪೈಲರ್ ಇಲ್ಲಿ ನಮ್ಮ ತಪ್ಪು ಹೇಳುತ್ತಿಲ್ಲ, ತನ್ನ ಮಿತಿ ಹೇಳಿಕೊಳ್ಳುತ್ತಿದೆ. 'ಈ ಮಾತು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ, ಮುಂದೆ ಗೊತ್ತಾಗುವುದೂ ಇಲ್ಲ, ಓಡುವ ಯಂತ್ರವೂ ಇದನ್ನು ನೋಡುವುದಿಲ್ಲ. ನಿನಗೇನಾದರೂ ಗೊತ್ತಿದೆಯೇ?' ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿದೆ. ಪ್ರಮಾಣಿಸಿ ನೋಡಲು ಸಾಧ್ಯವೇ ಇಲ್ಲದ ಕಡೆ ಏನು ಮಾಡಬೇಕೆಂದು ಆ ಗಾದೆ ಹೇಳುವುದಿಲ್ಲ. ಎಚ್ಚರಿಕೆ ನಮ್ಮನ್ನು ತಂದು ನಿಲ್ಲಿಸುವುದು ಸರಿಯಾಗಿ ಆ ಜಾಗದಲ್ಲಿ.

ಉತ್ತರ ಕೊಡದೆ ಮುಂದೆ ಹೋದರೆ ಏನಾಗುತ್ತದೆ? ಆ ಕ್ಷಣಕ್ಕೆ ಏನೂ ಆಗುವುದಿಲ್ಲ, ಕಷ್ಟವಿರುವುದೂ ಅದರಲ್ಲೇ. ಪಟ್ಟಿಯಲ್ಲಿ ಬೇರೆ ತಳಿಯ ನಾಯಿಯೊಂದು ಸೇರಿಕೊಂಡಿದ್ದರೂ ಪಟ್ಟಿ ಪಟ್ಟಿಯಾಗಿಯೇ ಇರುತ್ತದೆ. ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುತ್ತಾರೆ, ಎಣಿಸುತ್ತಾರೆ, ಉಳಿಸಿಡುತ್ತಾರೆ. ಒಂದು ದಿನ ಯಾರೋ ಅದರಿಂದ ಒಂದನ್ನು ಹೊರತೆಗೆದು ಮುಧೋಳ ನಾಯಿಯಂತೆ ಬಳಸಲು ಹೋಗುತ್ತಾರೆ. ಹೊರತೆಗೆಯುವ ಆ ಸಾಲಿನಲ್ಲಿ ಕಂಪೈಲರ್ ಯಾರ ಕಣ್ಣಿಗೂ ಬೀಳದ ಒಂದು ಕಾಸ್ಟ್ ಸೇರಿಸಿಟ್ಟಿರುತ್ತದೆ. ಅದು ಸೋಲುತ್ತದೆ, ಪ್ರೋಗ್ರಾಂ ಬೀಳುತ್ತದೆ. ಬಿದ್ದ ಸಾಲನ್ನು ತೆರೆದು ನೋಡಿದರೆ ಅಲ್ಲಿ ಕಾಸ್ಟ್ ಎಂಬುದೇ ಇಲ್ಲ, ತಪ್ಪೂ ಇಲ್ಲ. ಅದನ್ನು ಬರೆದವರು ಕಂಪೈಲರ್ ಹೇಳಿದ್ದನ್ನೆಲ್ಲ ಕೇಳಿ ಚೊಕ್ಕಟವಾಗಿ ಬರೆದಿದ್ದಾರೆ. ಆದರೂ ಬೈಗುಳ ಅವರಿಗೇ. ಸುಳ್ಳು ಹೇಳಿದ ಸಾಲು ನೂರು ಕಡತಗಳ ಆಚೆ ಹಾಯಾಗಿ ಕೂತಿರುತ್ತದೆ. ಇಂಥ ಸ್ಥಿತಿಗೆ ಜಾವಾದವರು ಹೀಪ್ ಪೊಲ್ಯೂಶನ್ ಎನ್ನುತ್ತಾರೆ, ಯಂತ್ರದ ನೆನಪಿನ ರಾಶಿಯೇ ಮೈಲಿಗೆಯಾದಂತೆ. ಯಾರದೋ ಹಿತ್ತಲಲ್ಲಿ ಒಂದು ರಾತ್ರಿ ಬಾಗಿಲು ತೆರೆದುಳಿದು, ಮೂರನೆಯ ಸೂಲಿನಲ್ಲಿ ಇನ್ಯಾರದೋ ಮನೆಯಲ್ಲಿ ಬೇರೆಯೇ ಚಹರೆಯ ಮರಿ ಹುಟ್ಟಿ, ಅದನ್ನು ಮಾರಿದವರು ಸುಳ್ಳುಗಾರರೆನಿಸಿಕೊಂಡ ಹಾಗೆ.

ಜಾವಾ ಕಟ್ಟಿದವರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 1996ರಲ್ಲಿ ಜಾವಾದ ಮೊದಲ ಆವೃತ್ತಿ ಬಂದಾಗ ಜೆನೆರಿಕ್ಸ್ ಇರಲಿಲ್ಲ. 1998ರ ಕೊನೆಗೆ ಸಂಗ್ರಹಗಳ ವ್ಯವಸ್ಥಿತ ಚೌಕಟ್ಟು ಬಂದಾಗಲೂ ಪಟ್ಟಿ ಎಂದರೆ ಬರಿಯ ಪಟ್ಟಿ. ಒಳಗೆ ಏನನ್ನಾದರೂ ಹಾಕಬಹುದು, ಹೊರಗೆ ತೆಗೆಯುವಾಗ ಪ್ರತಿಸಲವೂ ಕಾಸ್ಟ್ ಮಾಡಬೇಕು. ಅದೇ 1998ರಲ್ಲಿ ಗಿಲಾಡ್ ಬ್ರಾಚಾ, ಮಾರ್ಟಿನ್ ಒಡರ್ಸ್ಕಿ, ಡೇವಿಡ್ ಸ್ಟೌಟಮೈರ್, ಫಿಲಿಪ್ ವಾಡ್ಲರ್ ಎಂಬ ನಾಲ್ವರು 'ಜಿಜೆ' ಎಂಬ ವಿನ್ಯಾಸ ಮುಂದಿಟ್ಟರು. ಜಾವಾ ಮುಂದೆ ಒಪ್ಪಿಕೊಂಡ ಜೆನೆರಿಕ್ಸ್‌ಗೆ ಅದೇ ತಳಹದಿ. 2004ರ ಸೆಪ್ಟೆಂಬರ್ 30ರಂದು ಜೆನೆರಿಕ್ಸ್ ಹೊತ್ತ ಜಾವಾ 5 ಹೊರಬಂತು. ಆ ಹೊತ್ತಿಗೆ ಜಾವಾದಲ್ಲಿ ಬರೆದ ತಂತ್ರಾಂಶ ಲೋಕದ ತುಂಬ ಓಡುತ್ತಿತ್ತು. ಬ್ಯಾಂಕಿನ ಲೆಕ್ಕ ಒಬ್ಬರು ಬರೆದದ್ದು, ಅದು ಆತುಕೊಂಡ ಗ್ರಂಥಾಲಯ ಇನ್ನೊಬ್ಬರು ಬರೆದದ್ದು. ಇಬ್ಬರೂ ಒಂದೇ ದಿನ ಹೊಸ ಪದ್ಧತಿಗೆ ಬರುವುದು ಆಗದ ಮಾತು. ಹಳತು ಹೊಸತರ ಜೊತೆ, ಹೊಸತು ಹಳತರ ಜೊತೆ ಓಡಲೇಬೇಕಿತ್ತು. ಓಡುವ ಹೊತ್ತಿಗೆ ಟೈಪನ್ನು ಅಳಿಸಿಬಿಟ್ಟರೆ ಎರಡಕ್ಕೂ ಭೇದವೇ ಉಳಿಯದು. ಅಳಿಸಿದ್ದು ಮರೆವಿನಿಂದಲ್ಲ, ಒಟ್ಟಿಗೆ ಬಾಳುವುದಕ್ಕಾಗಿ.

ಬೇರೆ ದಾರಿಯೂ ಇತ್ತು. ಮೈಕ್ರೋಸಾಫ್ಟ್‌ನ ಸಿ ಶಾರ್ಪ್ ಭಾಷೆ 2005ರಲ್ಲಿ ಜೆನೆರಿಕ್ಸ್ ತಂದಾಗ ಓಡುವ ಹೊತ್ತಿನಲ್ಲೂ ಟೈಪ್ ಉಳಿಯುವಂತೆ ಮಾಡಿತು. ಅಲ್ಲಿ ಪಟ್ಟಿಗೆ ತಾನು ಯಾವುದರ ಪಟ್ಟಿ ಎಂದು ಗೊತ್ತು. ಅದಕ್ಕಾಗಿ ಹಳೆಯ ಸಂಗ್ರಹಗಳನ್ನು ಹಾಗೆಯೇ ಬಿಟ್ಟು, ಹೊಸ ಸಂಗ್ರಹಗಳನ್ನು ಪಕ್ಕದಲ್ಲೇ ಬೇರೆಯಾಗಿ ಕಟ್ಟಬೇಕಾಯಿತು. ಒಂದು ದಾರಿಯಲ್ಲಿ ನೆನಪು ಉಳಿಯಿತು, ಮನೆ ಎರಡಾಯಿತು. ಇನ್ನೊಂದರಲ್ಲಿ ಮನೆ ಒಂದೇ ಉಳಿಯಿತು, ನೆನಪು ಹೋಯಿತು. ಯಾವುದು ಸರಿ ಎಂಬ ವಾದ ಪ್ರೋಗ್ರಾಮರುಗಳ ನಡುವೆ ಇನ್ನೂ ಮುಗಿದಿಲ್ಲ.

ತಳಿಯ ದಾಖಲೆಯ ಆರಂಭದಲ್ಲೂ ಇಂಥದೇ ಪರೀಕ್ಷೆಯಿಲ್ಲದ ಮಾತೊಂದಿದೆ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ (1884–1937) ಈ ನಾಯಿಗಳ ಬೇಟೆಯ ಕಸುವು ಮೆಚ್ಚಿ ತಳಿಗೆ ಮರುಜೀವ ಕೊಟ್ಟರೆಂದೂ ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟರೆಂದೂ ಇಲ್ಲಿ ಹೇಳಿಕೊಂಡು ಬಂದಿದ್ದಾರೆ. ಹಾಗೆ ಆರಿಸಿ ತಂದ ನಾಯಿಗಳ ಕೊರಳಲ್ಲಿ ವಂಶಾವಳಿ ತೂಗುತ್ತಿತ್ತೇ? ಯಾವ ತಳಿಯ ದಾಖಲೆ ಪುಸ್ತಕವೂ ದಾಖಲೆಯಿಲ್ಲದ ನಾಯಿಗಳಿಂದಲೇ ಮೊದಲಾಗಬೇಕು. ಯಾರೋ ಒಬ್ಬರು ಕಣ್ಣಳತೆಯಲ್ಲಿ ನೋಡಿ 'ಇವು' ಎಂದು ಹೆಸರಿಟ್ಟಿರಬೇಕು. ಮುಂದಿನ ಪರೀಕ್ಷೆಗಳೆಲ್ಲ ಆ ಪರೀಕ್ಷೆಯಿಲ್ಲದ ಮೊದಲ ಮಾತಿನ ಮೇಲೆ ನಿಂತಿವೆ. ಹೆಸರೂ ಅಷ್ಟೆ. ದೇಶದ ಒಂದು ಕೆನೆಲ್ ಕ್ಲಬ್ ಈ ನಾಯಿಯನ್ನು ಕಾರವಾನ್ ಹೌಂಡ್ ಎಂದು ನೋಂದಾಯಿಸುತ್ತದೆ, ಇನ್ನೊಂದು ಮುಧೋಳ ಹೌಂಡ್ ಎಂದು. 2005ರ ಜನವರಿಯಲ್ಲಿ ಅಂಚೆ ಇಲಾಖೆ 5 ರೂಪಾಯಿಯ ಚೀಟಿ ತಂದಾಗ ಎರಡನೆಯ ಹೆಸರು ಅಚ್ಚಾಯಿತು. ನಾಯಿಗೆ ಎರಡೂ ಗೊತ್ತಿಲ್ಲ. ಓಡುವ ನಾಯಿ ತನ್ನ ಪ್ರಮಾಣಪತ್ರ ಕಚ್ಚಿಕೊಂಡು ಓಡುವುದಿಲ್ಲ.

ಹಾಗಾದರೆ ಕಂಪೈಲರಿನ ಎಚ್ಚರಿಕೆ ಬಂದಾಗ ಮಾಡುವುದೇನು? ಮೊದಲನೆಯದು, ಕಾಸ್ಟ್ ಬೇಡವಾಗುವಂತೆ ಬರೆಯುವುದು. ಎಷ್ಟೋ ಎಚ್ಚರಿಕೆಗಳು ಬರಿಯ 'ಪಟ್ಟಿ' ಎಂದು ಬರೆದು ಅದರೊಳಗೇನಿದೆ ಎಂದು ಹೇಳದೆ ಬಿಟ್ಟ ಸೋಮಾರಿತನದಿಂದ ಹುಟ್ಟುತ್ತವೆ. ಪಟ್ಟಿ ಹುಟ್ಟುವ ಕಡೆಯೇ ಟೈಪ್ ಬರೆದರೆ ಮಾತು ಮುಗಿಯಿತು. ಎರಡನೆಯದು, ಪಟ್ಟಿಯನ್ನು ಇಡಿಯಾಗಿ ನಂಬದೆ ಒಳಗಿನ ಪ್ರತಿಯೊಂದನ್ನೂ ಹೊರತೆಗೆದು, ವಿಚಾರಿಸಿ, ಹೊಸ ಪಟ್ಟಿಗೆ ಸೇರಿಸುವುದು. ಪಟ್ಟಿಗೆ ನೆನಪಿಲ್ಲದಿದ್ದರೂ ಒಳಗಿನ ಒಂದೊಂದು ವಸ್ತುವಿಗೂ ತನ್ನ ಗುರುತಿನ ನೆನಪಿದೆಯಲ್ಲ. ಇದಕ್ಕೆ ಹೊತ್ತು ಹಿಡಿಯುತ್ತದೆ, ಪಟ್ಟಿ ಉದ್ದವಾದಷ್ಟೂ ಹೆಚ್ಚು. ಪ್ರತಿ ಮರಿಗೂ ಡಿಎನ್‌ಎ ಪರೀಕ್ಷೆ ಮಾಡಿಸಿದಂತೆ, ನೂರು ರೂಪಾಯಿಯ ವ್ಯವಹಾರಕ್ಕೆ ಸಾವಿರದ ಖರ್ಚೂ ಆಗಬಹುದು. ಮೂರನೆಯದು, ಬಾಗಿಲಲ್ಲೇ ಕಾವಲಿಡುವುದು. ಜಾವಾ 5ರಲ್ಲೇ 'ಚೆಕ್ಡ್ ಲಿಸ್ಟ್' ಎಂಬ ಹೊದಿಕೆ ಬಂದಿದೆ. ಪಟ್ಟಿಗೆ ಅದನ್ನು ಹೊದಿಸಿದರೆ ಸೇರಿಸುವ ಪ್ರತಿಯೊಂದನ್ನೂ ಸೇರಿಸುವ ಕ್ಷಣದಲ್ಲೇ ವಿಚಾರಿಸುತ್ತದೆ. ಬೆರಕೆ ಒಳಬಂದದ್ದು ಎಲ್ಲಿಂದ ಎಂದು ತಿಳಿಯದೆ ಕಂಗೆಟ್ಟಾಗ ಕಳ್ಳನನ್ನು ಹಿಡಿಯಲು ಇದು ಒಳ್ಳೆಯ ಉಪಾಯ.

ನಾಲ್ಕನೆಯದು, ಎಚ್ಚರಿಕೆಯನ್ನು ಸುಮ್ಮನಾಗಿಸುವುದು. 'ಸಪ್ರೆಸ್ ವಾರ್ನಿಂಗ್ಸ್' ಎಂಬ ಗುರುತು ಬರೆದರೆ ಕಂಪೈಲರ್ ಆ ವಿಷಯ ಮತ್ತೆ ಎತ್ತುವುದಿಲ್ಲ. ಇದನ್ನು ಕಳ್ಳದಾರಿ ಎಂದು ಹೀಗಳೆಯುವವರಿದ್ದಾರೆ. ಅವರು ಜಾವಾದ ಒಳಮನೆಯನ್ನೇ ಒಮ್ಮೆ ಇಣುಕಿ ನೋಡಬೇಕು. ಜಾವಾದವರು ಅತಿ ಹೆಚ್ಚು ಬಳಸುವ ಪಟ್ಟಿ 'ಅರೇ ಲಿಸ್ಟ್'. ಅದರೊಳಗೆ ವಸ್ತುಗಳಿರುವುದು ಟೈಪಿನ ಗುರುತೇ ಇಲ್ಲದ ಖಾನೆಗಳ ಒಂದು ಸಾಲಿನಲ್ಲಿ. ಹೊರಗೆ ಕೊಡುವಾಗ ಒಂದು ಪರೀಕ್ಷೆಯಿಲ್ಲದ ಕಾಸ್ಟ್ ನಡೆಯುತ್ತದೆ, ಅದರ ನೆತ್ತಿಯ ಮೇಲೆ ಸುಮ್ಮನಾಗಿಸುವ ಅದೇ ಗುರುತು ಕೂತಿದೆ. ಎಚ್ಚರಿಕೆಯೇ ಬಾರದಂತೆ ನಾವು ಬರೆದ ಚೊಕ್ಕಟ ಪ್ರೋಗ್ರಾಂ ಕೂಡ ಹೀಗೆ ಯಾರೋ ಹಿಂದೆಯೇ ಕೊಟ್ಟ ಜಾಮೀನಿನ ಮೇಲೆ ನಿಂತಿದೆ. ಪರೀಕ್ಷೆಯಿಲ್ಲದ ಮಾತೇ ಇಲ್ಲದ ಲೋಕವೊಂದಿಲ್ಲ. ಆ ಮಾತನ್ನು ಯಾರು, ಯಾವ ಬಲದ ಮೇಲೆ ಆಡಿದರು ಎಂಬುದಷ್ಟೇ ಪ್ರಶ್ನೆ.

ಅರೇ ಲಿಸ್ಟ್ ಬರೆದವರ ಬಲ ಯಾವುದು? ಕಾಸ್ಟ್ ಮಾಡುವ ಸಾಲನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ಕಾಣುವುದಿಲ್ಲ. ವಸ್ತುಗಳನ್ನಿಟ್ಟ ಆ ಒಳಸಾಲನ್ನು ಹೊರಗಿನವರು ಯಾರೂ ಮುಟ್ಟುವಂತಿಲ್ಲ. ಒಳಗೆ ಬರಲು ಇರುವ ದಾರಿಗಳೆಲ್ಲ ಆ ವರ್ಗದವರೇ ಬರೆದದ್ದು, ಪ್ರತಿ ದಾರಿಯಲ್ಲೂ ಕಂಪೈಲರ್ ಟೈಪ್ ನೋಡಿಯೇ ಒಳಗೆ ಬಿಡುತ್ತದೆ. ಒಳಗೆ ಹೋದದ್ದೆಲ್ಲ ಸರಿಯಾದದ್ದು, ಆದ್ದರಿಂದ ಹೊರಗೆ ಬರುವುದೂ ಸರಿಯಾದದ್ದೇ. ಹೊರಬರುವಾಗ ನೋಡಲಾಗದ್ದನ್ನು ಒಳಹೋಗುವಾಗ ನೋಡಿಕೊಂಡಿದ್ದಾರೆ. ಪ್ರಮಾಣ ಇರುವುದು ಕಾಸ್ಟ್ ಮಾಡುವ ಸಾಲಿನಲ್ಲಲ್ಲ, ಅದರ ಸುತ್ತ ಹಾಕಿದ ಬೇಲಿಯಲ್ಲಿ.

ನನಗೆ ಹೊಳೆಯುವುದು ಇಷ್ಟು. ಮುಂದೆ ಪರೀಕ್ಷಿಸಲಾಗದ ಸಂಗತಿಗೆ ಜಾಮೀನು ನಿಲ್ಲುವ ಹಕ್ಕಿರುವುದು ಬಾಗಿಲು ಕಾದವರಿಗೆ ಮಾತ್ರ. ಜಾಣತನ, ಅನುಭವ, ಒಳ್ಳೆಯ ಮನಸ್ಸು ಯಾವುದೂ ಅದರ ಜಾಗಕ್ಕೆ ಬರುವುದಿಲ್ಲ. ನಾಯಿಗಳ ವಿಷಯದಲ್ಲಿ ಹೆಸರಾದ ತಜ್ಞರು ಬಂದು ಮರಿ ನೋಡಿ 'ಮುಧೋಳದ ಹಾಗೆ ಕಾಣುತ್ತದೆ' ಎನ್ನಬಹುದು. ತಾಯಿ ನಾಯಿ ಬೆದೆಯಲ್ಲಿದ್ದ ಅಷ್ಟೂ ದಿನ ಮನೆಯ ಅಜ್ಜಿ ಹಿತ್ತಲ ಬಾಗಿಲು ಬಿಟ್ಟು ಕದಲದೆ ಕೂತಿದ್ದರೆ, ಅವಳ ಮಾತು ತಜ್ಞರ ಮಾತಿಗಿಂತ ತೂಕದ್ದು. ಚರ್ಮದಡಿ ಮೈಕ್ರೋಚಿಪ್ ಇಟ್ಟ ಮೇಲೂ ಈ ಲೆಕ್ಕ ಬದಲಾಗುವುದಿಲ್ಲ. ಚಿಪ್ಪಿನಲ್ಲಿರುವುದು ಒಂದು ಸಂಖ್ಯೆ. ಆ ಸಂಖ್ಯೆಯ ಮುಂದೆ ತಂದೆ ತಾಯಿಯ ಹೆಸರು ಬರೆದ ಕೈ ಯಾರದು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸಿ ಶಾರ್ಪ್ ಪಟ್ಟಿಗೆ ತನ್ನ ಟೈಪ್ ನೆನಪಿದ್ದರೂ, ಹೊರಗಿನ ಕಡತದಿಂದ ಬಂದ ಮಾಹಿತಿಗೆ ಅದೇ ಹೆಸರಿಟ್ಟವರು ಯಾರು ಎಂದು ಕೇಳಬೇಕಾದ ಹಾಗೆ.

ಹೀಗೆ ನೋಡಿದರೆ ಸುಮ್ಮನಾಗಿಸುವ ಗುರುತಿಗೆ ಬೇರೆ ಅರ್ಥ ಬರುತ್ತದೆ. ಅದು ಸಹಿ. ಸಹಿ ಎಷ್ಟು ಅಗಲಕ್ಕೆ ಹಾಕುತ್ತೇವೆ ಎಂಬುದು ಮುಖ್ಯ. ಜಾವಾದ ಸಂಗ್ರಹಗಳ ಚೌಕಟ್ಟು ಕಟ್ಟಿದ ಜೋಶುವಾ ಬ್ಲಾಕ್ ತಮ್ಮ 'ಎಫೆಕ್ಟಿವ್ ಜಾವಾ' ಪುಸ್ತಕದಲ್ಲಿ ಇದಕ್ಕೆಂದೇ ಒಂದು ಅಧ್ಯಾಯಭಾಗ ಮೀಸಲಿಟ್ಟಿದ್ದಾರೆ. ತೆಗೆಯಬಹುದಾದ ಎಚ್ಚರಿಕೆಯನ್ನೆಲ್ಲ ತೆಗೆಯಿರಿ, ಉಳಿದದ್ದು ಸುರಕ್ಷಿತವೆಂದು ತೋರಿಸಬಲ್ಲಿರಾದರೆ ಮಾತ್ರ ಸುಮ್ಮನಾಗಿಸಿ, ಅದನ್ನೂ ಆದಷ್ಟು ಕಿರಿದಾದ ಜಾಗದಲ್ಲಿ ಮಾಡಿ, ಕಾರಣ ಬರೆದಿಡಿ ಎಂಬುದು ಅವರ ಸಲಹೆಯ ಸಾರ. ಇಡೀ ವರ್ಗದ ಮೇಲೆ ಆ ಗುರುತು ಹಾಕುವುದು ಸುಲಭ. ಹಾಗೆ ಹಾಕಿದರೆ ಇಂದು ಬಲ್ಲ ಒಂದು ಸಂಗತಿಗಲ್ಲದೆ ನಾಳೆ ಯಾರೋ ಬರೆಯಲಿರುವ ಹತ್ತು ಸಂಗತಿಗಳಿಗೂ ಈಗಲೇ ಸಹಿ ಹಾಕಿಟ್ಟಂತೆ. ಒಂದು ಸೂಲಿನ ಬಾಗಿಲು ಕಾದವರು ಊರಿನ ನಾಯಿಗಳಿಗೆಲ್ಲ ಪ್ರಮಾಣಪತ್ರ ಬರೆದಂತೆ.

ಜಾವಾದಲ್ಲಿ ಒಂದು ಚಿಕ್ಕ ಕಟ್ಟಳೆ ಇದೆ. ಈ ಗುರುತನ್ನು ಮೌಲ್ಯ ಹಿಂತಿರುಗಿಸುವ ಸಾಲಿಗೆ ನೇರವಾಗಿ ಹಚ್ಚಲು ಬರುವುದಿಲ್ಲ, ಏನನ್ನಾದರೂ ಹೆಸರಿಟ್ಟು ಘೋಷಿಸುವ ಸಾಲಿಗೆ ಮಾತ್ರ ಹಚ್ಚಬಹುದು. ಹಾಗಾಗಿ ಕಾಸ್ಟ್ ಮಾಡಿ ಹಾಗೆಯೇ ದಾಟಿಸಿಬಿಡೋಣ ಎಂದುಕೊಂಡವರು ಒಂದು ನಿಮಿಷ ನಿಂತು, ಅದಕ್ಕಾಗಿಯೇ ಹೊಸ ಹೆಸರೊಂದನ್ನು ಕಟ್ಟಿ, ಅದರ ನೆತ್ತಿಯ ಮೇಲೆ ಸಹಿ ಹಾಕಿ, ಆಮೇಲೆ ದಾಟಿಸಬೇಕಾಗುತ್ತದೆ. ಇದು ಕಿರಿಕಿರಿ ಎನ್ನುವವರೇ ಹೆಚ್ಚು. ನನಗೆ ಈ ಅಡಚಣೆ ಇಷ್ಟ. ಹೊಣೆ ಹೊರುವ ಕೆಲಸ ನಡೆಯುತ್ತ ನಡೆಯುತ್ತ ಆಗಬಾರದು, ನಿಂತು ಆಗಬೇಕು.

ಜಾಮೀನಿಗೆ ವಯಸ್ಸೂ ಇದೆ. ಇವತ್ತು ಬೇಲಿ ಗಟ್ಟಿಯಿದೆ, 'ಇಲ್ಲಿ ಮುಧೋಳ ನಾಯಿ ಬಿಟ್ಟು ಬೇರೇನೂ ಬರುವುದಿಲ್ಲ' ಎಂದು ಬರೆದಿಟ್ಟೆವು. ಎರಡು ವರ್ಷದ ಮೇಲೆ ಕಚೇರಿಗೆ ಹೊಸದಾಗಿ ಬಂದ ಹುಡುಗಿ ಒಳ್ಳೆಯ ಉದ್ದೇಶದಿಂದಲೇ ಒಳಗೆ ಬರಲು ಇನ್ನೊಂದು ದಾರಿ ತೆರೆಯುತ್ತಾಳೆ. ಅವಳ ಸಾಲಿನಲ್ಲಿ ಎಚ್ಚರಿಕೆ ಏಳದಿರಬಹುದು, ನಮ್ಮ ಸಾಲಿನಲ್ಲಂತೂ ಏಳುವುದೇ ಇಲ್ಲ, ಅದನ್ನು ಎಂದೋ ಸುಮ್ಮನಾಗಿಸಿದ್ದೇವೆ. ಮಾತು ಹಾಗೆಯೇ ಉಳಿದಿದೆ, ಅದು ನಿಂತಿದ್ದ ನೆಲ ಸರಿದಿದೆ. ಕಾರಣ ಬರೆಯಬೇಕೆನ್ನುವುದು ಇದಕ್ಕೇ. 'ಇದು ಸುರಕ್ಷಿತ' ಎಂಬುದು ಕಾರಣವಲ್ಲ, ಬರಿಯ ಆಣೆ. 'ಒಳಗೆ ಬರಲು ಇರುವುದು ಇದೊಂದೇ ದಾರಿ, ಅಲ್ಲಿ ಟೈಪ್ ನೋಡಿ ಬಿಡುತ್ತೇವೆ, ಆದ್ದರಿಂದ ಸುರಕ್ಷಿತ' ಎಂಬುದು ಕಾರಣ. ಎರಡನೆಯದನ್ನು ಓದಿದವಳಿಗೆ ತಾನು ತೆರೆಯಲಿರುವ ಹೊಸ ದಾರಿ ಯಾವ ಮಾತನ್ನು ಸುಳ್ಳಾಗಿಸುತ್ತದೆ ಎಂದು ತಿಳಿಯುತ್ತದೆ.

ಇಷ್ಟೆಲ್ಲ ಶುದ್ಧಿಯ ಮಾತಾಡಿದ ಮೇಲೆ ಅದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಬಾಗಿಲು ಅತಿ ಬಿಗಿಯಾದ ತಳಿಗಳಲ್ಲಿ ಹತ್ತಿರದ ರಕ್ತಸಂಬಂಧದಲ್ಲೇ ಮರಿಗಳಾಗಿ ದೋಷಗಳು ಸೇರಿಕೊಳ್ಳುತ್ತವೆ, ಅದಕ್ಕಾಗಿ ತಳಿ ಕಾಯುವವರು ಆಗಾಗ ದೂರದ ವಂಶದ ನಾಯಿಯನ್ನು ಹುಡುಕಿ ತರುತ್ತಾರೆ. ಇದಕ್ಕಿಂತ ದೊಡ್ಡ ಮಾತು ಇನ್ನೊಂದು. ನಾಯಿಗೆ, ಪಟ್ಟಿಗೆ ಒಪ್ಪುವ ಈ ತರ್ಕವನ್ನು ಮನುಷ್ಯರ ಮೇಲೆ ಹೇರುವ ಚಟ ನಮಗೆ ಹಳೆಯದು. ರನ್ನ 949ರಲ್ಲಿ ಇದೇ ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಹುಟ್ಟಿನ ಗುರುತೇ ಕೊನೆಯ ಮಾತಾಗಿದ್ದರೆ ಅವನು ಬಳೆ ಮಲಾರ ಹೊತ್ತು ಊರೂರು ತಿರುಗಬೇಕಿತ್ತು. ಓದುವ ಹಂಬಲ ಅವನನ್ನು ಗಂಗರ ನಾಡಿನವರೆಗೆ ಎಳೆದೊಯ್ದಿತು. ಅಜಿತಸೇನಾಚಾರ್ಯರು ಕಲಿಸಿದರು, ಚಾವುಂಡರಾಯ ಆಸರೆಯಾದ, ಚಾಲುಕ್ಯರ ಆಸ್ಥಾನ ಕವಿಚಕ್ರವರ್ತಿ ಎಂದು ಕರೆಯಿತು. ಅಲ್ಲಿ ಯಾರೂ ವಂಶಾವಳಿ ಪರೀಕ್ಷಿಸಲಿಲ್ಲ, ಕಾವ್ಯ ಪರೀಕ್ಷಿಸಿದರು. ಇದೇ ಜಿಲ್ಲೆಯ ಕೂಡಲಸಂಗಮದ ನಂಟಿರುವ ಹನ್ನೆರಡನೆಯ ಶತಮಾನದ ಶರಣರು ಹುಟ್ಟಿನ ಗುರುತನ್ನು ಅಳಿಸಿಹಾಕುವುದನ್ನೇ ಒಂದು ಧರ್ಮವಾಗಿಸಿದರು. ತಳಿಯ ವಿಷಯದಲ್ಲಿ ಗುರುತು ಅಳಿಯುವುದು ನಷ್ಟ. ಪ್ರೋಗ್ರಾಂನಲ್ಲಿ ಅದು ಲಾಭ ನಷ್ಟ ಕೂಡಿದ ಒಂದು ಒಪ್ಪಂದ. ಮನುಷ್ಯರ ನಡುವೆ ಅದು ಬಿಡುಗಡೆ. ಯಾವುದನ್ನು ಎಲ್ಲಿ ಬಳಸಬೇಕೆಂಬ ವಿವೇಕ ಯಾವ ಕಂಪೈಲರಿಗೂ ಇಲ್ಲ.

ಕಂಪೈಲರಿನ ಮಾತಿಗೂ ಕೊನೆಯುಂಟು. ಜೆನೆರಿಕ್ಸ್ ತಂದಾಗ ಜಾವಾ ಒಂದು ಭರವಸೆ ಕೊಟ್ಟಿತ್ತು: ಇಡೀ ಪ್ರೋಗ್ರಾಂ ಇಂಥ ಒಂದೂ ಎಚ್ಚರಿಕೆಯಿಲ್ಲದೆ ಕಂಪೈಲ್ ಆದರೆ, ಕಂಪೈಲರ್ ತಾನಾಗಿ ಸೇರಿಸಿದ ಕಾಸ್ಟ್‌ಗಳು ಸೋಲುವುದಿಲ್ಲ. 2016ರಲ್ಲಿ ನಾದಾ ಅಮೀನ್ ಮತ್ತು ರಾಸ್ ಟೇಟ್ ಎಂಬ ಇಬ್ಬರು ಸಂಶೋಧಕರು ಒಂದು ಪುಟ್ಟ ಪ್ರೋಗ್ರಾಂ ಬರೆದು ತೋರಿಸಿದರು. ಅದರಲ್ಲಿ ಎಚ್ಚರಿಕೆಯಿಲ್ಲ, ಕೈಯಾರೆ ಬರೆದ ಕಾಸ್ಟ್ ಕೂಡ ಇಲ್ಲ. ಆದರೂ ಓಡಿಸಿದರೆ 'ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್'. ಏನೂ ಇಲ್ಲ ಎನ್ನುವುದಕ್ಕೆ ಇರುವ 'ನಲ್' ಎಂಬ ಮೌಲ್ಯ ಎಲ್ಲ ಟೈಪುಗಳಿಗೂ ಹೊಂದುತ್ತದೆ ಎಂಬ ಸಡಿಲಿನಲ್ಲಿ ಆ ತೂತು ಇತ್ತು. ಹನ್ನೆರಡು ವರ್ಷ ಲಕ್ಷಾಂತರ ಜನ ಬಳಸಿದ ಭಾಷೆಯಲ್ಲಿ ಅಷ್ಟು ದಿನ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ದಿನನಿತ್ಯದ ಕೆಲಸದಲ್ಲಿ ಯಾರಿಗೂ ತಾಗುವಂಥ ತೂತಲ್ಲ. ಆದರೂ, ಎಚ್ಚರಿಕೆ ಇಲ್ಲ ಎಂಬುದೂ ಒಂದು ಜಾಮೀನೇ, ಅದನ್ನು ಕೊಟ್ಟವರೂ ತಮಗೆ ಕಂಡ ಬಾಗಿಲುಗಳನ್ನಷ್ಟೇ ಕಾದಿದ್ದರು ಎಂದು ಅದು ನೆನಪಿಸುತ್ತದೆ.

ಬಾಗಿಲು ನಾವು ಕಾದಿಲ್ಲದಿದ್ದರೆ? ಕಚೇರಿಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ. ಪಟ್ಟಿ ಕೊಟ್ಟವರು ಕೆಲಸ ಬಿಟ್ಟು ಹೋಗಿದ್ದಾರೆ, ಒಳಗೇನಿದೆ ಎಂದು ಬಲ್ಲವರು ಇಲ್ಲ, ಪ್ರತಿಯೊಂದನ್ನೂ ವಿಚಾರಿಸಲು ಸಮಯ ಕೊಡುವವರೂ ಇಲ್ಲ, ಎಚ್ಚರಿಕೆ ಒಂದೂ ಇರಬಾರದೆಂದು ಮೇಲಿನವರ ಅಪ್ಪಣೆ ಮಾತ್ರ ಇದೆ. ಅಲ್ಲಿ ಸುಮ್ಮನಾಗಿಸುವ ಗುರುತು ಹಾಕಿದರೆ ಪರದೆ ಚೊಕ್ಕಟವಾಗುತ್ತದೆ, ಸುಳ್ಳು ಸಾಕ್ಷಿಯೊಂದು ಕಡತ ಸೇರುತ್ತದೆ. ನಿಜಕ್ಕೂ ಗೊತ್ತಿಲ್ಲದ ಕಡೆ ಎಚ್ಚರಿಕೆಯನ್ನು ಹಾಗೆಯೇ ಇರಗೊಡುವುದೂ ಒಂದು ಉತ್ತರ. ಪಕ್ಕದಲ್ಲಿ 'ಈ ಪಟ್ಟಿ ಎಲ್ಲಿಂದ ಬಂತೆಂದು ನೋಡಿಲ್ಲ, ನೋಡಬೇಕು' ಎಂದು ಬರೆದರೆ ಅದು ಪೂರ್ಣ ಉತ್ತರ. ತಂದೆ ಯಾವುದೆಂದು ಗೊತ್ತಿಲ್ಲದ ಮರಿಯನ್ನು ಗೊತ್ತಿಲ್ಲ ಎಂದೇ ಹೇಳಿ ಮಾರುವವರಿಗೆ ಬೆಲೆ ಕಡಿಮೆ ಸಿಗಬಹುದು. ಆದರೆ ಮುಂದಿನ ಸೂಲಿನಲ್ಲಿ ಅದೇ ಮನುಷ್ಯ 'ಈ ಸಲ ನಾನ ಕಾದೀನ್ರಿ' ಎಂದರೆ ಆ ಮಾತು ಊರಲ್ಲಿ ನಡೆಯುತ್ತದೆ. ಪರೀಕ್ಷೆ ಮುಟ್ಟದ ಕಡೆ ನಮ್ಮ ಬಳಿ ಇರುವ ಸಾಧನ ಆ ನಂಬಿಕೆ ಒಂದೇ. ಗೊತ್ತಿಲ್ಲದಾಗ ಗೊತ್ತಿಲ್ಲ ಎಂದವರ ಮಾತಿಗೆ ಮಾತ್ರ, ಗೊತ್ತಿದೆ ಎಂದಾಗ ತೂಕ ಬರುತ್ತದೆ.